ಮೀಸೆ ಮೀನಿನ ನೀರು

ಗಂಗರಾಜುವಿನ ಹೆಣ ಹೊರಟ ಮೇಲೆ ಮನೆಯಲ್ಲಿದ್ದ ನೀರನ್ನೆಲ್ಲ ಚೆಲ್ಲಿದರು. ಮಂಡಿಕಲ್ಲಿನ ಆ ಬೀದಿಯಲ್ಲಿ ಯಾರು ಸತ್ತರೂ ಹಾಗೆಯೇ. ಕೊಡ, ಬಿಂದಿಗೆ, ಬಚ್ಚಲ ಹಂಡೆ ಎಲ್ಲ ಖಾಲಿಯಾದವು. ಉಳಿದದ್ದು ನಡುಮನೆಯ ಗಾಜಿನ ತೊಟ್ಟಿ.

"ಅದೂ ಸೂತಕದ ನೀರೇ. ಚೆಲ್ಲಿ," ಅಂದಳು ಗಂಗರಾಜುವಿನ ಅಕ್ಕ ಅಕ್ಕಯ್ಯಮ್ಮ.

"ಅದ್ರಲ್ಲಿ ಮೀನವೆ ಅತ್ತೆ," ಅಂದಳು ಮಗಳು ತನುಜ. "ಅಪ್ಪ ಯಾವತ್ತೂ ಪೂರ್ತಿ ನೀರು ತೆಗೀತಿರ್ಲಿಲ್ಲ."

"ನೀರು ಹೊಸದಾದ್ರೆ ಮೀನಿಗೇನಾಗ್ತದಮ್ಮ? ಕೆರೇಗೆ ಮಳೆ ಬರಲ್ವಾ? ಆಂಜಿನಮ್ಮ, ನೀನೇ ಹೇಳೇ."

ಎಲ್ಲರೂ ಗಂಗರಾಜುವಿನ ಹೆಂಡತಿ ಆಂಜಿನಮ್ಮನ ಮುಖ ನೋಡಿದರು. ಅವಳಿಗೆ ಗೊತ್ತಿತ್ತು. ಗಂಡ ಪೈಪು ಇಟ್ಟು ಕಾಲು ಭಾಗ ನೀರು ತೆಗೆಯುವಾಗ ಬಕೆಟ್ ಹಿಡಿಯುತ್ತಿದ್ದವಳು ಅವಳೇ. ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ಇರುತ್ತದೆ, ಹಿಂದಿನ ದಿನವೇ ಹಿಡಿದು ಬಾಯಿ ತೆರೆದಿಡಬೇಕು, ಇಲ್ಲದಿದ್ದರೆ ಮೀನು ಸಾಯುತ್ತವೆ ಅನ್ನುವುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಆದರೂ "ಚೆಲ್ಲಿ" ಅಂದುಬಿಟ್ಟಳು.

ಜನಕ್ಕೆ ಹೆದರಿ ಅಂದಳು ಎಂದು ತನುಜ ತಿಳಿದಳು. ಅದಷ್ಟೇ ಅಲ್ಲ. ನಾಡಕಚೇರಿಯಲ್ಲಿ ಅಟೆಂಡರ್ ಆಗಿದ್ದ ಗಂಗರಾಜು ಸಂಜೆ ಬಂದರೆ ಚಪ್ಪಲಿ ಬಿಟ್ಟವನೇ ತೊಟ್ಟಿಯ ಮುಂದೆ ಕೂರುತ್ತಿದ್ದ. ಆ ಮೀನುಗಳಿಗೆ ಅಂಗಡಿಯವರು ಕೋರಿ ಅನ್ನುತ್ತಾರೆ. ಕಿರುಬೆರಳುದ್ದ, ಬಾಯ ಹತ್ತಿರ ಮೀಸೆ. ತಳದ ಮರಳಿಗೆ ಮೂತಿ ಊರಿ ಯಾವಾಗಲೂ ಗುಂಪಾಗಿ ಹುಡುಕಾಟ. "ನೋಡೇ, ಒಬ್ರನ್ನ ಬಿಟ್ಟು ಒಬ್ರು ಇರಲ್ಲ," ಅನ್ನುತ್ತಿದ್ದ. ಅವಳು ತಂದಿಟ್ಟ ಕಾಫಿ ಆರಿಹೋಗುತ್ತಿತ್ತು. ಎದೆ ಹಿಡಿದುಕೊಂಡು ಬಿದ್ದವನು ಒಂದು ಮಾತೂ ಆಡದೆ ಹೋದ. ಅವನ ಮೇಲಿನ ಸಿಟ್ಟು "ಚೆಲ್ಲಿ" ಅನ್ನುವ ಆ ಮಾತಿನಲ್ಲಿ ಹೊರಬಿತ್ತು. ಅದು ಅವಳಿಗೊಬ್ಬಳಿಗೇ ಗೊತ್ತು.

ತೊಟ್ಟಿ ಬರಿದು ಮಾಡಿ ನಲ್ಲಿ ನೀರು ತುಂಬಿದರು. ಬೆಳಗಾಗುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದೇ ಒಂದು ಉಳಿಯಿತು. ಅದು ಮೂಲೆ ಹಿಡಿದು ಕೂತಿತು. ಕಾಳು ಹಾಕಿದರೆ ಮೂಸಿಯೂ ನೋಡಲಿಲ್ಲ. ತಿಥಿ ಮುಗಿದರೂ ಹಾಗೇ.

"ಜೊತೆ ಇಲ್ದಿದ್ರೆ ತಿನ್ನಲ್ಲಮ್ಮ, ಸತ್ತೋಗ್ತದೆ," ಅಂದಳು ತನುಜ. "ಭಾನುವಾರ ನಾನು ತರ್ತೀನಿ ಬಿಡು."

"ಭಾನುವಾರದ ಗಂಟ ಇರ್ತದಾ?" ಆಂಜಿನಮ್ಮ ಸೆರಗು ಹೊದ್ದು ಹೊರಟಳು.

ಜಗಲಿಯಲ್ಲಿ ಅಕ್ಕಯ್ಯಮ್ಮ ಕಾಲು ಚಾಚಿ ಕೂತಿದ್ದಳು. "ಏಮೇ, ತಿಂಗಳು ತುಂಬಿಲ್ಲ, ಹೊಸ್ತಿಲು ದಾಟ್ತೀಯಾ? ಅದೂ ಮೀನು ತರಕ್ಕೆ? ಜನ ನಗ್ತಾರೆ ಕಣೇ!"

"ನಗ್ಲಿ ಬಿಡಿ ಅತ್ತಿಗೆ. ಅವತ್ತು ನಿಮ್ಮ ಮಾತು ಕೇಳಿದ್ದು ಸಾಕು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಕ್ಕಯ್ಯಮ್ಮ ತಿಳಿಯದೆ ಹೇಳಿದವಳು. ತಿಳಿದವಳು ತಾನು.

ಚಿಕ್ಕಬಳ್ಳಾಪುರದ ಮೀನಿನಂಗಡಿಯ ಮುರಳಿಮೋಹನ್ ಅವಳ ಗುರುತು ಹಿಡಿದ. "ಗಂಗರಾಜಣ್ಣ ಹೋದ್ರಂತೆ. ಕೇಳಿ ಬೇಜಾರಾಯ್ತಕ್ಕ," ಅಂದ. ಕೋರಿ ಬೇಕು ಅಂದಾಗ ಬಲೆ ಎತ್ತಿಕೊಂಡವನು ಹಾಗೇ ನಿಂತ. "ಮೊದಲಿನವು ಏನಾದ್ವು? ಕಾಯಿಲೆ ಬಿದ್ದು ಸತ್ತಿದ್ರೆ ನಾನು ಕೊಡಲ್ಲ. ಇವೂ ಸಾಯ್ತವೆ."

ಮೀನಿಗೆ ವಯಸ್ಸಾಗಿತ್ತು ಅನ್ನಬಹುದಿತ್ತು. ಅವನು ನಂಬುತ್ತಿದ್ದ.

"ಕಾಯಿಲೆ ಅಲ್ಲಪ್ಪ. ನೀರೆಲ್ಲ ಚೆಲ್ಲಿಸಿ ನಲ್ಲಿ ನೀರು ತುಂಬ್ಸಿದೆ."

"ಅಯ್ಯೋ, ಗೊತ್ತಿಲ್ದೆ ಮಾಡಿದ್ದಲ್ವಾ, ಬಿಡಿ."

"ಗೊತ್ತಿತ್ತು."

ಮುರಳಿಮೋಹನ್ ಬಲೆಯನ್ನು ನೀರಿಗೆ ಬಿಟ್ಟ.

ಮನೆಗೆ ಬಂದು ಮೀನಿದ್ದ ಕವರನ್ನು ಹಾಗೇ ತೊಟ್ಟಿಯಲ್ಲಿ ತೇಲಿಬಿಟ್ಟಳು. ಗಂಡ ಮಾಡುತ್ತಿದ್ದಂತೆ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಅದಕ್ಕೆ ಬೆರೆಸಿದಳು. ಆಮೇಲೆ ಮೀನು ಬಿಟ್ಟಳು. ಹೊಸವು ತಳಕ್ಕಿಳಿದು ಮರಳು ಕೆದಕಿದವು. ಮೂಲೆಯದು ಮೀಸೆ ಆಡಿಸಿತು. ಇದ್ದಕ್ಕಿದ್ದಂತೆ ನುಗ್ಗಿ ಬಂದು ಗುಂಪಿನ ನಡುವೆ ಸೇರಿಕೊಂಡಿತು. ಗುಂಪು ತೊಟ್ಟಿಯ ಈ ತುದಿಯಿಂದ ಆ ತುದಿಗೆ ಓಡಾಡಿತು.

"ಅಮ್ಮ, ಎಲ್ಲಾ ತಿಂತಾವೆ ನೋಡು!" ಅಂದಳು ತನುಜ.

ಆಂಜಿನಮ್ಮ ಗಾಜಿಗೆ ಮುಖ ಹಚ್ಚಿದಳು. ತಪ್ಪಾಯಿತು ಅಂತ ಉಳಿದ ಆ ಒಂದಕ್ಕಾದರೂ ಹೇಳಬೇಕೆಂದು ಬಸ್ಸಿನಲ್ಲಿ ಅಂದುಕೊಂಡು ಬಂದಿದ್ದಳು.

"ಹಳೇದು ಯಾವುದೇ?"

"ಗೊತ್ತಾಗ್ತಿಲ್ಲಮ್ಮ. ಎಲ್ಲಾ ಒಂದೇ ಥರ ಅವೆ."

ಆಂಜಿನಮ್ಮ ಒಂದೊಂದನ್ನೇ ನೋಡಿದಳು. ಅವು ಒಂದರೊಳಗೊಂದು ಬೆರೆತು ತಿರುಗುತ್ತಿದ್ದವು. ಯಾವುದಕ್ಕೆ ಹೇಳುವುದು?