ಸೀತಾಲಕ್ಷ್ಮಿಯವರ ಮಂಡಿಯೂ ಒಂದು ಸಂಶೋಧನೆಯೂ

ನಮ್ಮ ಹಲಸೂರಿನ ವಿಮಾ ನೌಕರರ ಕಾಲೊನಿಯ ಯಜ್ಞನಾರಾಯಣರಂಥ ನಡಿಗೆಗಾರ ಇಡೀ ದಂಡುಪ್ರದೇಶದಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ನಿವೃತ್ತರಾದ ಮೇಲೆ ಅವರು ದಿನಾ ಬೆಳಿಗ್ಗೆ ಹಲಸೂರು ಕೆರೆಯನ್ನು ಎಷ್ಟು ಸುತ್ತಿದರೆಂದರೆ, ಕೆರೆಗೇ ತಲೆ ತಿರುಗಿ ನೀರು ಒಂದು ಕಡೆಗೆ ವಾಲಿತ್ತು. ಅವರ ಬಿಳಿ ಕ್ಯಾನ್ವಾಸ್ ಶೂ ಕಂಡರೆ ಬಾತುಕೋಳಿಗಳು ಎದ್ದು ನಿಲ್ಲುತ್ತಿದ್ದವು. ಇದು ಕಾಲೊನಿಯ ನಡಿಗೆ ಸಂಘದ ಅಧ್ಯಕ್ಷರಾಗಿ ಅವರೇ ಹೇಳುತ್ತಿದ್ದದ್ದು. ಪಕ್ಕದ ಮನೆಯವನಾದ ನಾನು ಕಮ್ಮನಹಳ್ಳಿಯವರೆಗೂ ಹಂಚಿದ್ದು.

ಆದರೆ ನಾನು ಬರೆಯಹೊರಟಿರುವುದು ಅವರ ಹೆಂಡತಿ ಸೀತಾಲಕ್ಷ್ಮಿಯವರ ವಿಷಯ.

ಸೀತಾಲಕ್ಷ್ಮಿಯವರಿಗೆ ಕೋಪ ಬಂದರೆ ಸ್ಟವ್ ಹಚ್ಚದೆಯೇ ಹಾಲು ಉಕ್ಕುತ್ತಿತ್ತು. ಕೋಪಕ್ಕೆ ಕಾರಣವೂ ಇತ್ತೆನ್ನಿ. ತೊಂಬತ್ತರ ದಶಕದಲ್ಲಿ ನಮ್ಮ ಕಾಲೊನಿಗೆ ಕಾವೇರಿ ನೀರು ಬರುತ್ತಿದ್ದದ್ದು ಕೆಳಗಿನ ನಲ್ಲಿಗೆ ಮಾತ್ರ. ಮೂರನೆಯ ಮಹಡಿ ಹತ್ತುವಷ್ಟು ದಮ್ಮು ಅದಕ್ಕಿರಲಿಲ್ಲ, ಸೀತಾಲಕ್ಷ್ಮಿಯವರಿಗಿತ್ತು. ಅವರು ಕೊಡದಲ್ಲಿ ಹೊತ್ತ ನೀರನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಹಲಸೂರಿಗೆ ಇನ್ನೊಂದು ಕೆರೆಯಾಗುತ್ತಿತ್ತು, ಅವರ ಯಜಮಾನರಿಗೆ ಸುತ್ತಲು ಅನುಕೂಲವೂ ಆಗುತ್ತಿತ್ತು. ಸೀಮೆಎಣ್ಣೆಗೆ ಜೋಗುಪಾಳ್ಯದ ಸಾಲು. ಹೂವಿಗೂ ತರಕಾರಿಗೂ ಶಿವಾಜಿನಗರದ ಮಾರ್ಕೆಟ್ಟು. ಬರುವಾಗ ಬಸ್ಸಿನಲ್ಲಿ ಚೀಲಕ್ಕೆ ಜಾಗವಿಲ್ಲವೆಂದು ನಡಿಗೆ. ಅತ್ತೆ ಹಾಸಿಗೆ ಹಿಡಿದ ಮೇಲೆ ಅವರನ್ನು ಎತ್ತುವುದು, ಇಳಿಸುವುದು, ಮಗ್ಗುಲು ಬದಲಿಸುವುದು. ಕೊನೆಗೆ ಮೋಟಾರು ಕೂರಿಸಿ ನೀರು ಮೇಲೇರುವ ಹೊತ್ತಿಗೆ ಇವರ ಮಂಡಿ ಸವೆದುಹೋಗಿತ್ತು. ಅವರು ಮೆಟ್ಟಿಲು ಇಳಿದರೆ ಆ ಕಟಕಟ ಕೇಳಿದ ಕೆಳಮನೆಯವರು, ಯಾರೋ ಅಡಿಕೆ ಕತ್ತರಿಸುತ್ತಿದ್ದಾರೆಂದು ಎಲೆಗೆ ಸುಣ್ಣ ಹಚ್ಚಿಕೊಂಡು ಕಾಯುತ್ತಿದ್ದರು.

ಎರಡು ಸಾವಿರದ ಏಳರಲ್ಲಿ ನಮ್ಮ ನಡಿಗೆ ಸಂಘಕ್ಕೆ ಸಂಶೋಧನೆ ಬಂತು. ಇಂದಿರಾನಗರದ ಗಾಜಿನ ಕಟ್ಟಡದಲ್ಲಿದ್ದ ಒಂದು ಸಂಸ್ಥೆಯವರು ಆರೋಗ್ಯ, ವ್ಯಾಯಾಮ, ಕಂಪ್ಯೂಟರ್ ಕಲೆ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುತ್ತಿದ್ದರು. ಸೊಂಟಕ್ಕೊಂದು ಬೆಲ್ಟು, ಬೆಲ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ನೀವು ಇಟ್ಟ ಹೆಜ್ಜೆ, ತಿರುಗಿದ ದಿಕ್ಕು ಎಲ್ಲವೂ ಅದರೊಳಗೆ ಸೇರಿ, ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣದ ಗೆರೆಯಾಗುತ್ತಿತ್ತು. ಚೆಂದದ ಗೆರೆಗಳಿಗೆ ಪ್ರದರ್ಶನ. ಬೆಲ್ಟು ಕಟ್ಟಿಕೊಂಡವರಿಗೆ ಮಂಡಿ, ಸೊಂಟ, ಬೆನ್ನು ಯಾವುದೇ ನೋವಿದ್ದರೂ ಸಂಸ್ಥೆಯ ಫಿಸಿಯೋಥೆರಪಿಯವರಿಂದ ಪುಕ್ಕಟೆ ಚಿಕಿತ್ಸೆ.

ಚಿಕಿತ್ಸೆಯ ಸುದ್ದಿ ಕೇಳಿದ್ದೇ ಸೀತಾಲಕ್ಷ್ಮಿಯವರು ಕೈ ಒರೆಸಿಕೊಂಡು ಬಂದು ಕೂತರು. ಪಿಎಚ್‌ಡಿ ಮಾಡುತ್ತಿದ್ದ ವಿಭಾ ಎಂಬ ಹುಡುಗಿ ಲ್ಯಾಪ್‌ಟಾಪ್ ತೆರೆದು, 'ಪತ್ನಿ' ಎಂದು ಬಡಿದು, ಪ್ರಶ್ನೆ ಶುರುಮಾಡಿದಳು. ಜಿಮ್ಮಿಗೆ ಹೋಗುತ್ತೀರಾ, ಯೋಗ ಉಂಟಾ, ಈಜು, ಷಟಲ್? ಎಲ್ಲಕ್ಕೂ ಇಲ್ಲ. ಇವರು ಕೊಡದ ಕಥೆ, ಮಾರ್ಕೆಟ್ಟಿನ ಕಥೆ, ಅತ್ತೆಯ ಕಥೆ ಹೇಳಿದರು. ವಿಭಾ ಪಾಪ, ಮೆತ್ತಗೇ ಹೇಳಿದಳು.

"ಅದೆಲ್ಲ ಮನೆಕೆಲಸ ಆಂಟಿ. ನಮ್ಮ ಸ್ಟಡೀಲಿ ಬಿಡುವಿನ ಹೊತ್ತಲ್ಲಿ ಮಾಡೋ ಚಟುವಟಿಕೆ ಮಾತ್ರ ಲೆಕ್ಕ."

"ಬಿಡುವಾ? ಅದು ಹೇಗಿರುತ್ತೆ ಅಂತ ಒಂದ್ಸಲ ತೋರಿಸಮ್ಮ. ಆಮೇಲೆ ಅದರಲ್ಲಿ ಏನು ಮಾಡ್ತೀನಿ ಅಂತ ಹೇಳ್ತೀನಿ."

ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿರಲಿಲ್ಲ. 'ದೈಹಿಕ ಚಟುವಟಿಕೆ: ಇಲ್ಲ' ಎಂದಾಯಿತು. ಚಟುವಟಿಕೆ ಇಲ್ಲದವರಿಗೆ ಬೆಲ್ಟೂ ಇಲ್ಲ, ಮಂಡಿಗೆ ಚಿಕಿತ್ಸೆಯೂ ಇಲ್ಲ. ಏನೂ ಮಾಡದೆ ಕೂತಿದ್ದವಳ ಮಂಡಿ ಹೇಗಪ್ಪಾ ಸವೆಯಿತು ಎಂದು ಅಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೇ ಮೈ ಉರಿದುಹೋಯಿತು. ಇನ್ನು ಸೀತಾಲಕ್ಷ್ಮಿಯವರ ಮಾತು ಕೇಳಬೇಕೇ? ಅವತ್ತು ಅವರು ಇಟ್ಟ ಸಾರಿಗೆ ಮೆಣಸಿನಕಾಯಿ ಹಾಕುವ ಅಗತ್ಯವೇ ಬೀಳಲಿಲ್ಲವಂತೆ.

ಡಾಕ್ಟರಿಗೆ ಬೇಡವಾದ ಮಂಡಿಯನ್ನು ದೇವರಾದರೂ ನೋಡಲಿ ಎಂದು ಅವರು ಸೋಮೇಶ್ವರ ದೇವಸ್ಥಾನಕ್ಕೆ ಹೆಜ್ಜೆ ನಮಸ್ಕಾರದ ಹರಕೆ ಹೊತ್ತರು. ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತ, ಹೆಜ್ಜೆಗೆ ಹೆಜ್ಜೆ ಅಂಟಿಸಿ, ಗುಡಿಯನ್ನು ಸುತ್ತಬೇಕು. ಬಸವನಹುಳು ಕೂಡ ಹಿಂದಿನಿಂದ ಹಾರನ್ ಹೊಡೆದು ಮುಂದೆ ಹೋಗುವಂಥ ವೇಗ. ಇವರು ಸುತ್ತುತ್ತ ಗೊಣಗುತ್ತಿದ್ದದ್ದನ್ನು ಎಲ್ಲರೂ ಮಂತ್ರವೆಂದುಕೊಂಡಿದ್ದರು. ಅದು ಬೈಗುಳ.

ಇತ್ತ ಬೆಲ್ಟು ಬಂದದ್ದು ಯಜ್ಞನಾರಾಯಣರ ಸೊಂಟಕ್ಕೆ. ಬೆಳಿಗ್ಗೆಯಿಂದ ಮಲಗುವವರೆಗೂ ಬಿಚ್ಚುವಂತಿಲ್ಲ. ಮೊದಲನೆಯ ದಿನವೇ ಅವರಿಗೆ ದಿಗಿಲು ಹತ್ತಿತು. ಯಾಕೆಂದರೆ ನಡಿಗೆ ಸಂಘದ ನಡಿಗೆ ಕೆರೆಯ ಗೇಟಿನವರೆಗೆ ಮಾತ್ರ. ಅಲ್ಲಿಂದ ಎದುರಿನ ಹೋಟೆಲಿಗೆ ತಿರುಗಿ, ಬೋಂಡ ಮುಗಿದು ಕಾಫಿ ಮುಗಿದು ರಾಜಕೀಯ ಮುಗಿಯುವವರೆಗೆ ಕೂತೇ ಇರುತ್ತಿತ್ತು. ಬಾತುಕೋಳಿಗಳು ಎದ್ದು ನಿಲ್ಲುತ್ತಿದ್ದದ್ದು ಬೋಂಡದ ಚೂರಿಗೆ. ಡಬ್ಬಿ ಚಾಡಿ ಹೇಳಿದರೆ ಅಧ್ಯಕ್ಷಗಿರಿ ಹೋದಂತೆಯೇ.

ನಮ್ಮೆರಡು ಮನೆಗಳ ನಡುವಿನ ಗೋಡೆ ಹಪ್ಪಳದಷ್ಟು ದಪ್ಪ. ಅವರು ಹೆಂಡತಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇದನ್ನ ನೀನೇ ಕಟ್ಕೊಳೇ. ಹೇಗೂ ದಿನವೆಲ್ಲ ಓಡಾಡ್ತಾನೇ ಇರ್ತೀಯಲ್ಲ."

ಪಾತ್ರೆ ಬಿದ್ದ ಸದ್ದಾಯಿತು. ಆದರೂ ಕಟ್ಟಿಕೊಂಡರು. ಯಾಕೆ ಒಪ್ಪಿದಿರಿ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, ಯಾರ ಹೆಸರಲ್ಲಾದರೂ ಸರಿ, ನನ್ನ ಓಡಾಟ ಒಮ್ಮೆ ಲೆಕ್ಕಕ್ಕೆ ಬರಲಿ ಅಂತ ಎಂದರಂತೆ. ಸೀರೆಯ ನೆರಿಗೆಯೊಳಗೆ ಡಬ್ಬಿ ಅಡುಗೆಮನೆ ನೋಡಿತು, ಮಹಡಿ ಮೆಟ್ಟಿಲು ನೋಡಿತು, ಬೆಳಗಿನ ಹೊತ್ತು ಸೋಮೇಶ್ವರನನ್ನೂ ಸುತ್ತಿತು.

ಸ್ವಲ್ಪ ದಿನಕ್ಕೆ ವಿಭಾಳ ಫೋನು ಬಂತು, ದನಿಯಲ್ಲಿ ಗಾಬರಿ. ಯಜ್ಞನಾರಾಯಣರ ಬೆಳಗಿನ ಹೆಜ್ಜೆಗಳು ಇರುವೆಯ ಹೆಜ್ಜೆಯಷ್ಟಾಗಿವೆ, ಇದು ನರಗಳ ಕಾಯಿಲೆಯ ಲಕ್ಷಣ, ಕೂಡಲೇ ಆಸ್ಪತ್ರೆಗೆ ಬನ್ನಿ ಎಂದು ಅವಳ ಪ್ರೊಫೆಸರರು ಹೇಳಿದ್ದಾರಂತೆ. ನಿಜ ಹೇಳಿದರೆ ಬೋಂಡ ಹೊರಬೀಳುತ್ತದೆ. ಹೇಳದಿದ್ದರೆ ಸೂಜಿ ಒಳಹೋಗುತ್ತದೆ. ಯಜ್ಞನಾರಾಯಣರು ಸೂಜಿಯನ್ನೇ ಆರಿಸಿಕೊಂಡರು. ಆಸ್ಪತ್ರೆಯವರು ಮೈಯಲ್ಲಿದ್ದ ನರಗಳನ್ನೆಲ್ಲ ತಂಬೂರಿಯಂತೆ ಮೀಟಿ ನೋಡಿದರು. ನರಗಳೆಲ್ಲ ಹೋರಿಯ ನರಗಳು. ಸಕ್ಕರೆ ಮಾತ್ರ ಆಲೆಮನೆಯದು. ಕಾಯಿಲೆಯೇನೆಂದು ಗೊತ್ತಾಗದೆ ಸಂಸ್ಥೆಯವರು ಒಂದಷ್ಟು ವ್ಯಾಯಾಮ ಹೇಳಿಕೊಟ್ಟು ಕಳಿಸಿದರು. ಅಷ್ಟರಲ್ಲಿ ಸೀತಾಲಕ್ಷ್ಮಿಯವರ ಹರಕೆ ಮುಗಿಯಿತು, ಹೆಜ್ಜೆಗಳು ಮೊದಲಿನಂತಾದವು. ನಮ್ಮ ವ್ಯಾಯಾಮದಿಂದಲೇ ರೋಗಿ ಗುಣಮುಖ ಎಂದು ಪ್ರೊಫೆಸರರು ದೇಶವಿದೇಶಕ್ಕೆ ಡಂಗುರ ಹೊಡೆದರು.

ಪ್ರದರ್ಶನಕ್ಕೆ ಇಡೀ ಕಾಲೊನಿ ಹೋಗಿತ್ತು. ನಡುಮನೆಯಷ್ಟು ದೊಡ್ಡ ಪರದೆಯ ಮೇಲೆ ಒಂದೇ ಚಿತ್ರ. ಮಧ್ಯದಲ್ಲಿ ಮುತ್ತಿನಂಥ ಸಣ್ಣ ಸಣ್ಣ ಚುಕ್ಕಿಗಳು ಸುತ್ತಿನ ಮೇಲೆ ಸುತ್ತಾಗಿ ನಿಂತಿದ್ದವು, ಅವುಗಳಿಂದ ಕೆಂಪು ಗೆರೆಗಳು ನಾಲ್ಕು ದಿಕ್ಕಿಗೂ ಚಿಮ್ಮುತ್ತಿದ್ದವು. ಯಾವ ರಂಗೋಲಿಯೂ ಹಾಗಿರಲಿಲ್ಲ. ಕೆಳಗೆ 'ಯಜ್ಞನಾರಾಯಣ: ಒಬ್ಬ ಪುರುಷನ ಚೇತರಿಕೆ' ಎಂಬ ಚೀಟಿ. ಯಜಮಾನರಿಗೆ ಶಾಲು ಹೊದಿಸಿದರು. ಪ್ರೊಫೆಸರರು ವಿವರಿಸಿದರು: ಒಳಗಿನ ಸುತ್ತುಗಳು ನಿವೃತ್ತ ಪುರುಷನ ಒಂಟಿತನವಂತೆ, ಹೊರಗಿನ ಗೆರೆಗಳು ಅವನ ಛಲವಂತೆ.

ಸಭೆಯಲ್ಲಿ ಕಟಕಟ ಸದ್ದು ಕೇಳಿಸಿತು. ಸೀತಾಲಕ್ಷ್ಮಿಯವರು ಎದ್ದು ವೇದಿಕೆ ಹತ್ತುತ್ತಿದ್ದರು.

"ರೀ, ಬೆಲ್ಟ್ ಯಾರ ಸೊಂಟದಲ್ಲಿತ್ತು?"

"ನಮ್ಮನೇಲೇ ಇತ್ತಲ್ಲೇ."

"ಮನೇಲಿ ಯಾರ ಸೊಂಟದಲ್ಲಿತ್ತು?"

ಯಜ್ಞನಾರಾಯಣರು ಶಾಲಿನ ಜರಿ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸತೊಡಗಿದರು. ಅಷ್ಟೇ ಸಾಕಾಯಿತು. ಸೀತಾಲಕ್ಷ್ಮಿಯವರು ಪ್ರೊಫೆಸರರ ಕಡೆ ತಿರುಗಿದರು.

"ಇದು ಯಾರ ಒಂಟಿತನಾನೂ ಅಲ್ಲ, ನನ್ನ ಹೆಜ್ಜೆ ನಮಸ್ಕಾರ. ನನ್ನ ಮಂಡಿ ನೋಡಲ್ಲ ಅಂತ ನೀವು ಕಳಿಸಿದ್ರಲ್ಲ, ಅದಕ್ಕೇ ಹೊತ್ತ ಹರಕೆ. ಆ ಕೆಂಪು ಗೆರೆ ಇದ್ಯಲ್ಲ, ಅದು ನೀವು ಚಟುವಟಿಕೆ ಇಲ್ಲ ಅಂತ ಬರ್ಕೊಂಡಿದ್ದು."

ಪ್ರೊಫೆಸರರು ನಕ್ಕು, ಕಲೆಯಲ್ಲಿ ಹೆಸರು ಮುಖ್ಯವಲ್ಲ ಮೇಡಂ ಎಂದರು.

"ಹಾಗಾದ್ರೆ ಬಾಗಿಲಲ್ಲಿ ನಿಮ್ಮ ಹೆಸರು ಯಾಕೆ ಅಷ್ಟು ದಪ್ಪಕ್ಕೆ ಹಾಕಿಸಿದೀರಿ?"

ಬೇಕಿದ್ದರೆ ಮೂಲೆಯಲ್ಲಿ 'ಸಹಕಾರ: ಶ್ರೀಮತಿ ಯಜ್ಞನಾರಾಯಣ' ಎಂದು ಸೇರಿಸೋಣವೆಂದು ಪ್ರೊಫೆಸರರು ರಾಜಿಗೆ ಬಂದರು. ಇವರು ಚಿತ್ರದ ಮುಂದಿನಿಂದ ಅಲುಗಲಿಲ್ಲ. ನೋಯುವ ಮಂಡಿ ಹೊತ್ತು, ನೀರಿನ ಸಾಲಿನಲ್ಲಿ ನಿಂತಿದ್ದ ಹಾಗೆಯೇ ನಿಂತರು. ಆಗ ಮುಖ ಸಣ್ಣದು ಮಾಡಿಕೊಂಡಿದ್ದ ವಿಭಾ ಪೆನ್ನು ಹಿಡಿದು ಹತ್ತಿರ ಬಂದಳು.

"ಆಂಟಿ, ನಿಮ್ಮ ಹೆಸರು ನಾನು ಕೇಳೇ ಇರಲಿಲ್ಲ."

"ಸೀತಾಲಕ್ಷ್ಮಿ."

ವಿಭಾ ಚೀಟಿಯಲ್ಲಿದ್ದದ್ದನ್ನೆಲ್ಲ ಹೊಡೆದುಹಾಕಿ ಆ ಹೆಸರು ಬರೆದಳು. ಸೋಮವಾರ ಮಂಡಿ ತೋರಿಸಲು ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ಪ್ರೊಫೆಸರರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

ಯಜ್ಞನಾರಾಯಣರು ಶಾಲು ಸರಿಮಾಡಿಕೊಳ್ಳುತ್ತ ಹೆಂಡತಿಯ ಕಿವಿಯ ಬಳಿ ಬಗ್ಗಿದರು. "ನಾಲ್ಕು ಜನ ನೋಡ್ತಿದಾರೆ ಕಣೇ. ನನ್ನ ಹೆಸರೂ ಎಲ್ಲಾದ್ರೂ ಒಂದು ಮೂಲೇಲಿ ಇರಲಿ ಬಿಡು."

ಸೀತಾಲಕ್ಷ್ಮಿಯವರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ವಿಭಾ, 'ಸಹಕಾರ' ಅಂತ ಇವರ ಹೆಸರು ಹಾಕಮ್ಮ. ನಾನು ನಡೆಯೋವಾಗೆಲ್ಲ ಇವರು ಕೂತ್ಕೊಂಡು ಸಹಕರಿಸಿದಾರೆ."