ಉಲ್ಟಾ ಅಕ್ಷರದ ಖಾದರ್ ಸಾಬರು

ಹುಣಸೂರಿನ ಸಂತೆಬೀದಿಗೆ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬೆಳಗಿನ ನಮಾಜು ಮುಗಿಸಿ ಬಂದ ಅಬ್ದುಲ್ ಖಾದರ್ ಸಾಬರು ಜಗಲಿಯ ಮೇಲೆ ಕೂತು, ಹಲಗೆಯ ಮೇಲೆ ಹೊಳೆಮರಳು ಹರಡಿಕೊಂಡು ತೋರುಬೆರಳಲ್ಲಿ ಬರೆಯುತ್ತಿದ್ದಾರೆ. ಐವತ್ತೆಂಟರ ಈ ಮನುಷ್ಯ ದಿನಾ ಬರೆಯುವುದು ಒಂದೇ ಹೆಸರು, ತೀರಿಹೋದ ಮಗಳದು. ಐದು ಅಕ್ಷರ. ಮೂರು ನೆಟ್ಟಗೆ ಬರುತ್ತವೆ. ನಾಲ್ಕನೆಯದಕ್ಕೆ ಕೈ ತಾನಾಗಿ ಹಿಂದಕ್ಕೆ ತಿರುಗಿ, ಬಲಕ್ಕಿರಬೇಕಾದ ದೀರ್ಘ ಎಡಕ್ಕೆ ಬಂದು ಕೂರುತ್ತದೆ. ಸಾಬರು ಅಂಗೈಯಲ್ಲಿ ಅಳಿಸಿ ಮತ್ತೆ ಶುರು ಮಾಡುತ್ತಾರೆ.

ಅವರದು ಅಚ್ಚು ಕೆತ್ತುವ ಕಸಬು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಗೋಣಿಯಿರಲಿ, ಕೃಷ್ಣರಾಜನಗರದ ಅಕ್ಕಿ ಮೂಟೆಯಿರಲಿ, ಅದರ ಮೇಲೆ ಕಪ್ಪು ಮಸಿಯಲ್ಲಿ ವರ್ತಕರ ಹೆಸರು ಕಂಡರೆ ಅದು ಬಹುಮಟ್ಟಿಗೆ ಈ ಜಗಲಿಯಲ್ಲಿ ಹುಟ್ಟಿದ್ದು. ಮರದ ಅಚ್ಚಿನಲ್ಲಿ ಅಕ್ಷರ ಉಲ್ಟಾ ಇದ್ದರೆ ತಾನೇ ಗೋಣಿಯ ಮೇಲೆ ನೆಟ್ಟಗೆ ಬೀಳುವುದು. ನಾಲ್ಕು ತಾಲ್ಲೂಕು ಇವರ ಕೈಬರಹವನ್ನು ಹೊತ್ತು ತಿರುಗುತ್ತದೆ, ಆದರೆ ಇವರ ಮನೆ ಯಾವುದೆಂದು ಪಕ್ಕದ ಬೀದಿಯಲ್ಲಿ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

"ನೆಟ್ಟಗೆ ಬರೆಯೋದು ಕಲಿತ್ರೆ ಕೈ ಕೆಡ್ತದೆ ಅಂತ ನಮ್ಮಪ್ಪ ಇಸ್ಕೂಲಿಗೇ ಕಳಿಸ್ನಿಲ್ಲ ಸ್ವಾಮಿ," ಎನ್ನುತ್ತಾರೆ ಸಾಬರು, ಪತ್ರಿಕೆಗೆ ಬರೆಯಲು ಹೋದ ನಮಗೆ. "ಒಂಬತ್ತು ವರ್ಸಕ್ಕೇ ಉಳಿ ಕೊಟ್ರು. ನಾನು ಅಕ್ಸರ ಕಲಿತದ್ದೇ ಅಚ್ಚಿನ ಮುಖ ನೋಡಿ." ಹೀಗಾಗಿ ಅವರ ಕಣ್ಣಿಗೆ ಉಲ್ಟಾ ಅಕ್ಷರವೇ ಸರಿ. ಯಾರಾದರೂ ಕಾಗದ ಕೊಟ್ಟರೆ ಕೈಗನ್ನಡಿಗೆ ಹಿಡಿದು ಓದುತ್ತಾರೆ. ಮರಳಿನ ಮೇಲೆ ಬರೆದದ್ದನ್ನು ಪರೀಕ್ಷಿಸುವುದೂ ಆ ಕನ್ನಡಿಯಲ್ಲೇ.

ಮಗಳು ಇದ್ದಾಗ ಕನ್ನಡಿ ಬೇಕಿರಲಿಲ್ಲ. ಪಕ್ಕದ ಮನೆಯ ಮೇಷ್ಟರ ಹೆಂಡತಿಯ ಹತ್ತಿರ ಅಕ್ಷರ ಕಲಿತ ಹುಡುಗಿ, ಕೆತ್ತಿದ ಪ್ರತಿ ಅಚ್ಚನ್ನೂ ಮಸಿಗೆ ಅದ್ದಿ ಬಟ್ಟೆಯ ಮೇಲೆ ಒತ್ತಿ ಓದಿ ಹೇಳುತ್ತಿದ್ದಳು. ಅವಳು "ಹ್ಞೂಂ" ಅನ್ನದೆ ಒಂದು ಅಚ್ಚೂ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಆಗ ಸಾಬರು ದಿನಕ್ಕೆ ಇಪ್ಪತ್ತು ಅಕ್ಷರ ಕೆತ್ತುತ್ತಿದ್ದರು. ಈಗ ಆರಾದರೆ ಹೆಚ್ಚು.

ಆರು ವರ್ಷದ ಹಿಂದೆ ಊರಲ್ಲಿ ಇಲಿ ಸತ್ತು ಬಿದ್ದವು. ಎಲ್ಲರಂತೆ ಇವರೂ ಮನೆಗೆ ಬೀಗ ಹಾಕಿ ಊರಾಚೆಯ ಗುಡಿಸಲಿಗೆ ಹೋದರು. ಪ್ಲೇಗು ಅಲ್ಲಿಗೂ ಬಂತು. ಮೂರೇ ದಿನದಲ್ಲಿ ಹದಿನೇಳರ ಮಗಳು ಹೋದಳು. ಸತ್ತವರ ಪಟ್ಟಿ ಬರೆದುಕೊಂಡವನು ಅವಳ ಹೆಸರನ್ನೇ ಕೇಳಲಿಲ್ಲ. ಆಮೇಲೆ ಓದಿಸಿ ನೋಡಿದರೆ ಅಲ್ಲಿದ್ದದ್ದು "ಖಾದರ್ ಸಾಬನ ಮಗಳು" ಎಂದಷ್ಟೇ.

ಬೇರೆಲ್ಲೂ ಇಲ್ಲದ ಹೆಸರು ಗೋರಿಯ ಮೇಲಾದರೂ ಇರಲೆಂದು ಸಾಬರು ತಾವೇ ಚಪ್ಪಡಿ ತಂದು, ಹನ್ನೊಂದು ದಿನ ಕೂತು ಕೆತ್ತಿ ಹಾಸಿ ಬಂದರು. ತಿಂಗಳಾದ ಮೇಲೆ ಕಟ್ಟೆಮಳಲವಾಡಿಯ ರೈತ ಪುಟ್ಟಸ್ವಾಮಿ ಅಚ್ಚು ಮಾಡಿಸಲು ಬಂದವನು, ಬಂದ ಕೆಲಸ ಬಿಟ್ಟು ಗೋರಿಯ ಮಾತೆತ್ತಿದ.

"ಸಾಬ್ರೇ, ತೆಪ್ಪು ತಿಳೀಬ್ಯಾಡಿ," ಅಂದ. "ಗೋರಿ ತಾವ ನಿಂತು ನೋಡ್ದೆ, ಓದಕ್ಕಾಗ್ನಿಲ್ಲ. ಅಚ್ಚಿನಂಗೆ ಕೆತ್ಬುಟ್ಟಿದ್ದೀರಿ ಕಣ್ರೀ."

ಇದನ್ನು ನಮಗೆ ಹೇಳುವಾಗ ಸಾಬರು ಮರಳನ್ನೇ ನೋಡುತ್ತಾರೆ. "ನನ್ನ ಕಣ್ಣಿಗೆ ಸರಿಯಾಗೇ ಇತ್ತು ಸ್ವಾಮಿ. ಅಚ್ಚಾದ್ರೆ ಒತ್ತಿ ನೋಡ್ತೀವಿ. ಕಲ್ಲನ್ನ ಎಲ್ಲಿಗೆ ಒತ್ತಿ ನೋಡ್ಲಿ? ಓದಿ ಹೇಳೋಳೂ ಇರ್ನಿಲ್ಲ."

ಒಳಗಿಂದ ಚಹಾ ತಂದ ಹೆಂಡತಿ ಫಾತಿಮುನ್ನೀಸಾ, "ಕಲ್ಲಿನಡೀಲಿ ಮಲಗಿರೋ ಮಗೀಗೆ ಸರಿಯಾಗೇ ಕಾಣ್ತದೆ, ಬುಡಿ," ಎನ್ನುತ್ತಾರೆ. ಎಷ್ಟು ಸಲ ಹೇಳಿದ ಮಾತೋ ಏನೋ.

"ಅವಳಿಗೆ ಅವಳ ಹೆಸ್ರು ಗೊತ್ತು," ಎನ್ನುತ್ತಾರೆ ಸಾಬರು. "ದಾರೀಲಿ ಹೋಗೋರು ಓದ್ಬೇಕು."

ಹಿತ್ತಲಲ್ಲಿ ಇನ್ನೊಂದು ಚಪ್ಪಡಿ ಗೋಡೆಗೆ ಒರಗಿದೆ. ಹೋದ ವರ್ಷ ಮಂಡಿಯಲ್ಲಿ ಲೆಕ್ಕ ಬರೆಯುವ ಕಂಠಪ್ಪ ಅದರ ಮೇಲೆ ಸುಣ್ಣದಲ್ಲಿ ಹೆಸರು ಬರೆದುಕೊಟ್ಟಿದ್ದ. ಗೆರೆಯ ಮೇಲೆ ಉಳಿ ಆಡಿಸಿದರೆ ಸಾಕಿತ್ತು. ನಾಲ್ಕನೆಯ ಅಕ್ಷರದಲ್ಲಿ ಕೈ ಗೆರೆಯನ್ನೇ ಧಿಕ್ಕರಿಸಿ ಎಡಕ್ಕೆ ಹೋಯಿತು, ಒತ್ತಿನ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿತು. ಬೇರೆಯವರಿಂದ ಕೆತ್ತಿಸಬಾರದೇ ಎಂದರೆ ಸಾಬರ ಮುಖ ಗಂಟಿಕ್ಕುತ್ತದೆ. "ಊರೋರ ಹೆಸ್ರೆಲ್ಲ ನಾನು ಕೆತ್ತಿ, ನನ್ ಮಗಳ ಹೆಸ್ರಿಗೆ ಇನ್ನೊಬ್ರ ಕೈ ಹಿಡೀಲಾ?" ಬಲಗಣ್ಣು ಪೊರೆ ಬಂದು ಮುಚ್ಚಿದೆ. ಎಡಗಣ್ಣಿನಲ್ಲೂ ಮಬ್ಬು ಕಟ್ಟುತ್ತಿದೆ. ಬರುವ ಬೇಸಿಗೆಗೆ ಉಳಿ ಹಿಡಿಯುವುದು ಆಗದ ಮಾತೆಂದು ಅವರಿಗೂ ಗೊತ್ತು, ಹೆಂಡತಿಗೂ ಗೊತ್ತು.

ಬಿಸಿಲು ಜಗಲಿ ಮುಟ್ಟುವ ಹೊತ್ತಿಗೆ ಮರಳು ಹಲಗೆಯನ್ನು ಪಕ್ಕಕ್ಕಿಟ್ಟು ಸಾಬರು ಹಂಪಾಪುರದ ವರ್ತಕರ ಅಚ್ಚಿಗೆ ಕೈ ಹಾಕುತ್ತಾರೆ. ಉಲ್ಟಾ ಅಕ್ಷರ ಎಂದಕೂಡಲೇ ಕೈಗೆ ಜೀವ ಬರುತ್ತದೆ, ಎಲ್ಲೂ ತಡವರಿಕೆ ಇಲ್ಲ. ಸುಮಾರು ಹೊತ್ತು ಕೆತ್ತಿ, ತಲೆ ಎತ್ತದೆ ಕೇಳುತ್ತಾರೆ.

"ನಿಮ್ಮ ಪತ್ರಿಕೆ ಅಚ್ಚುಕೂಟದಲ್ಲಿ ಅಚ್ಚಿನ ಮೊಳೆ ಜೋಡಿಸೋರಿಗೂ ಅಕ್ಸರ ಉಲ್ಟಾನೇ ಕಾಣೋದಂತಲ್ಲ?"

ಹೌದು ಎಂದೆವು.

"ಅಂಗಾದ್ರೆ ಅವ್ರು ನಮ್ಮೋರೇ. ಒಂದು ಮಾತು ನಡೆಸಿಕೊಡಿ ಸ್ವಾಮಿ. ನನ್ನ ಸುದ್ದಿ ಎಷ್ಟಾರ ಕಮ್ಮಿ ಮಾಡ್ಕಳಿ. ಅವಳ ಹೆಸ್ರು ಒಂದು ಸಾಲು ಹಾಕ್ಸಿ. ನಾಲ್ಕನೇ ಅಕ್ಸರ ಜ್ವಾಪಾನ ಅಂತ ಹೇಳಿ."

ಇಗೋ, ಹಾಕಿದೆ:

ಅಕ್ತರುನ್ನೀಸಾ.