ಅಡಕತ್ತರಿ ತೆಗೆದಿಟ್ಟ ದಿನ

ದೆವ್ವ, ಗಾಳಿ, ಸೋಂಕು, ದೃಷ್ಟಿ ಎಂದರೆ ನಗುತ್ತಿದ್ದವಳು ನಾನು. ಮಿಲ್ಪಿಟಾಸ್‌ನ ಕನ್ನಡದವರ ಮನೆಗಳಲ್ಲಿ ಊಟವಾದ ಮೇಲೆ ಯಾರಾದರೂ ತಮ್ಮೂರಿನ ಹುಣಸೆಮರದ ಕಥೆ ತೆಗೆದರೆ, ‘ಆ ದೆವ್ವಕ್ಕೆ ವೀಸಾ ಸಿಕ್ತಾ ಇಲ್ವಾ?’ ಎಂದು ಕೇಳಿ ಕಥೆ ಕೆಡಿಸುತ್ತಿದ್ದೆ. ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಬೋರ್ಡು ಕೆಟ್ಟಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ನಂಬಿದವಳು. ಈಗಲೂ ಹಾಗೇ ನಂಬುತ್ತೇನೆ. ಆದರೆ ಒಂದು ಮಧ್ಯಾಹ್ನದ ಕಾರಣ ಮಾತ್ರ ಇಷ್ಟು ವರ್ಷ ಹುಡುಕಿದರೂ ಸಿಕ್ಕಿಲ್ಲ. ನಿಮಗೆ ಸಿಕ್ಕರೆ ದಯವಿಟ್ಟು ಹೇಳಿ, ನಾನೇನೂ ಜಗಳಕ್ಕೆ ಬರುವುದಿಲ್ಲ.

ಅದು ಡಾಟ್‌ಕಾಂ ಹುಚ್ಚು ನೆತ್ತಿಗೇರಿದ್ದ ಕಾಲ. ನನ್ನ ಗಂಡ ಪ್ರಸನ್ನ ಪಾಲೋ ಆಲ್ಟೋದ ಒಂದು ಸ್ಟಾರ್ಟಪ್ಪಿನಲ್ಲಿದ್ದ. ಅಲ್ಲಿ ಮೇಜುಗಳ ಕೆಳಗೆ ಹಾಸಿಗೆ ಇಟ್ಟುಕೊಂಡಿದ್ದರು. ಅವನು ಮನೆಗೆ ಸ್ನಾನಕ್ಕಷ್ಟೇ ಬರುತ್ತಿದ್ದ ಎಂದರೂ ತಪ್ಪಿಲ್ಲ. ಅಂಥ ಹೊತ್ತಿನಲ್ಲಿ ನಮಗೆ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಮಂಡ್ಯದಿಂದ ಅವ್ವ ಬಂದಳು. ಅವಳ ಸೂಟ್‌ಕೇಸಿನಲ್ಲಿ ಮೆಂತ್ಯ, ಮೆಣಸು, ಸಾಂಬ್ರಾಣಿ, ಹಳೇ ಸೀರೆಯ ತುಂಡುಗಳ ನಡುವೆ ಒಂದು ಕಬ್ಬಿಣದ ಅಡಕತ್ತರಿ ಇತ್ತು. ಬಂದ ದಿನವೇ ಅದನ್ನು ಮಗುವಿನ ಕ್ರಿಬ್ಬಿನ ಹಾಸಿಗೆಯಡಿಗೆ ತುರುಕಿದಳು. ಬಾಣಂತಿಯ ಹತ್ತಿರ, ಕೂಸಿನ ಹತ್ತಿರ ಕಬ್ಬಿಣ ಇರಬೇಕು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು, ಆದರೆ ಯಾಕೆ ಎಂದು ನಾನು ಎಂದೂ ಕೇಳಿರಲಿಲ್ಲ.

ಅವ್ವ ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿದ ಮೊದಲ ದಿನವೇ ಹೊಗೆಯ ಅಲಾರಮ್ಮು ಇಡೀ ಅಪಾರ್ಟ್‌ಮೆಂಟಿಗೆ ಕೇಳುವಂತೆ ಬಡಿದುಕೊಂಡಿತು. ಕೆಳಗಿನ ಮನೆಯ ಗ್ವೆನ್ ಹೆದರಿ ಮೇಲೆ ಓಡಿ ಬಂದರು. ವೇಲ್ಸ್‌ನ ಕಲ್ಲಿದ್ದಲು ಗಣಿಗಳ ಕಡೆಯಿಂದ ಮದುವೆಯಾಗಿ ಬಂದು ಇಲ್ಲೇ ಮುದುಕಿಯಾದ ಹೆಂಗಸು. ನಾನು ಟವೆಲು ಬೀಸಿ ಅಲಾರಮ್ಮು ನಿಲ್ಲಿಸುವಷ್ಟರಲ್ಲಿ ಅವರು ಮಗುವನ್ನು ನೋಡಲು ಕ್ರಿಬ್ಬಿನ ಹತ್ತಿರ ಹೋಗಿದ್ದರು. ಹಾಸಿಗೆಯಡಿಯಿಂದ ಇಣುಕುತ್ತಿದ್ದ ಅಡಕತ್ತರಿ ಅವರ ಕಣ್ಣಿಗೆ ಬಿತ್ತು. ಇನ್ನು ಮಾನ ಹೋಯಿತು ಎಂದುಕೊಂಡೆ. ಆದರೆ ಅವರು ಅವ್ವನ ಕೈ ಹಿಡಿದು, ಒಳ್ಳೆಯದು ಮಾಡಿದೆ ಎನ್ನುವ ಹಾಗೆ ತಲೆಯಾಡಿಸಿದರು. ತಮ್ಮ ತಾಯಿ ತೊಟ್ಟಿಲ ಮೇಲೆ ಒಲೆಯ ಇಕ್ಕಳ ಅಡ್ಡ ಇಡುತ್ತಿದ್ದಳಂತೆ. ಇಲ್ಲದಿದ್ದರೆ ಕೂಸನ್ನು ಒಯ್ದು ಅದರ ಜಾಗದಲ್ಲಿ ತಮ್ಮದನ್ನು ಇಟ್ಟುಹೋಗುತ್ತಾರಂತೆ.

ಯಾರು ಎಂದು ಕೇಳಿದೆ. ಅವರು ಹೆಸರು ಹೇಳಲಿಲ್ಲ. ಗುಡ್ಡದಲ್ಲಿ, ಹಳ್ಳದ ದಂಡೆಯಲ್ಲಿ ಇರುವವರು ಎಂದರು. ತಮ್ಮ ಸೀಮೆಯಲ್ಲಿ ಅವರನ್ನು ‘ತಾಯಂದಿರ ಆಶೀರ್ವಾದ’ ಎನ್ನುತ್ತಾರೆ ಎಂದರು. ಮಕ್ಕಳನ್ನು ಕದಿಯುವವರಿಗೆ ಇಂಥ ಹೆಸರೇ ಎಂದು ನನಗೆ ನಗು ತಡೆಯಲಾಗಲಿಲ್ಲ. ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ನಗಲಿಲ್ಲ.

‘ಮೈಮೇಲೆ ಸಿಡುಬು ಎದ್ರೆ ನಾವು ಅಮ್ಮ ಅನ್ನಲ್ವ ಮಗ? ಹಂಗೆಯ. ಕೆಟ್ಟುದ್ದ ಹೆಸ್ರು ಹಿಡುದು ಕರುದ್ರೆ ಓ ಅನ್ಕಂಡು ಬತ್ತದೆ.’

ಆಮೇಲೆ ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆಯೇ ಟೀ ಕುಡಿದರು. ನಾನು ಅದನ್ನು ಅಲ್ಲಿಗೇ ಮರೆತೆ. ನನ್ನ ತಲೆಯಲ್ಲಿದ್ದ ಚಿಂತೆ ಬೇರೆ. ಮಗು ತೂಕ ಏರುತ್ತಿರಲಿಲ್ಲ. ಕುಡಿಯುತ್ತಿದ್ದಳು, ಅಳುತ್ತಿದ್ದಳು, ಮತ್ತೆ ಕುಡಿಯುತ್ತಿದ್ದಳು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳು ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು, ಎದ್ದರೆ ಮತ್ತೆ ಹಾಲು ಸಾಲಲಿಲ್ಲವೇನೋ ಎಂದು ಕೊರಗುವುದು. ಕೊನೆಗೆ ಡಾಕ್ಟರು, ಮನೆಗೆ ಒಬ್ಬ ನರ್ಸನ್ನು ಕಳಿಸುತ್ತೇನೆ, ನೋಡಿ ಬರುತ್ತಾರೆ ಎಂದರು.

ನರ್ಸು ಬರುವ ದಿನ ಬೆಳಿಗ್ಗೆ ಪ್ರಸನ್ನ ಅಡಕತ್ತರಿ ನೋಡಿ ಹೌಹಾರಿದ.

‘ಏ, ಕ್ರಿಬ್‌ನಲ್ಲಿ ನೈಫ್ ತರ ಇದನ್ನ ಇಟ್ಟಿದೀರಲ್ಲ! ಅವರು ನೋಡಿ ರಿಪೋರ್ಟ್ ಮಾಡಿದ್ರೆ ಸರ್ಕಾರದವರು ಮಗೂನೇ ಎತ್ಕೊಂಡು ಹೋಗ್ತಾರೆ ಕಣೆ.’

ಅವ್ವ ಸ್ನಾನದಲ್ಲಿದ್ದಳು. ನಾನೂ ಸರಿ ಎಂದೆ. ಅವನು ಅದನ್ನು ಬ್ಯಾಗಿಗೆ ಹಾಕಿಕೊಂಡು ಆಫೀಸಿಗೆ ಹೋದ.

ನರ್ಸು ಬಂದರು, ತೂಕ ನೋಡಿದರು, ಸ್ವಲ್ಪ ಏರಿದೆ, ಗಾಬರಿ ಬೇಡ ಎಂದು ಹೇಳಿ ಹೋದರು. ಅವ್ವ ಮಗುವಿಗೆ ನೀರು ಹಾಕಿ, ಎಂದಿನಂತೆ ಎಡಗೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಮಲಗಿಸಿ, ನಡುಮನೆಯಲ್ಲಿ ಚಾಪೆ ಹಾಸಿ ತಾನೂ ಅಡ್ಡಾದಳು. ನಾನು ಅಡುಗೆಮನೆಯಲ್ಲಿ ನಿಂತು ಮೆಣಸಿನ ಸಾರು ಕುಡಿಯುತ್ತಿದ್ದೆ. ಮಗು ಅತ್ತಿತು. ಹೆತ್ತವರಿಗೆ ಹೇಳಬೇಕಾಗಿಲ್ಲ, ಆ ಅಳು ಕೇಳಿದ ಕೂಡಲೇ ಎದೆಯಲ್ಲಿ ಹಾಲು ಇಳಿದು ನೈಟಿ ಒದ್ದೆಯಾಯಿತು. ಲೋಟ ಇಟ್ಟು ರೂಮಿಗೆ ಓಡಿದೆ.

ಮಗು ಅಳುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿತ್ತು. ಅಳು ಕಿಟಕಿಯ ಹೊರಗಿನಿಂದ ಬರುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಬೇಲಿ, ಬೇಲಿಯಾಚೆ ಬೇಸಿಗೆಯಲ್ಲಿ ಬತ್ತಿದ ಹಳ್ಳ, ಅದರ ದಂಡೆಯಲ್ಲಿ ನೀಲಗಿರಿ ಮರಗಳು. ಅಳು ಅಲ್ಲಿಂದ. ಯಾರದೋ ಮಗು ಇರಬಹುದು ಎಂದುಕೊಂಡೆ. ಆದರೆ ನನ್ನ ಮಗಳು ಅತ್ತಾಗ ಉಸಿರಿನ ತುದಿಯಲ್ಲಿ ಒಂದು ಬಿಕ್ಕಳಿಕೆ ಸಿಕ್ಕಿಕೊಳ್ಳುತ್ತಿತ್ತು. ಆ ಬಿಕ್ಕಳಿಕೆಯೂ ಅಲ್ಲೇ ಕೇಳುತ್ತಿತ್ತು.

ಕ್ರಿಬ್ಬಿನಿಂದ ಮಗುವನ್ನು ಎತ್ತಿಕೊಂಡೆ. ಅದು ನನ್ನನ್ನು ನೋಡಿತು. ವೀಸಾ ಕೌಂಟರಿನ ಆಚೆ ಕೂತವರು ನೋಡುತ್ತಾರಲ್ಲ, ಹಾಗೆ. ಎದೆಗೆ ಹಚ್ಚಿದೆ. ಬಾಯಿ ತೆರೆಯಲಿಲ್ಲ. ಸುರಿಯುತ್ತಿದ್ದ ಹಾಲೂ ಟಕ್ಕನೆ ನಿಂತುಹೋಯಿತು. ಹೊರಗಿನ ಅಳು ಜೋರಾದರೆ ಮತ್ತೆ ಇಳಿಯುತ್ತಿತ್ತು. ಆಗ ನೋಡಿದೆ, ದೃಷ್ಟಿಬೊಟ್ಟು ಬಲಗೆನ್ನೆಯ ಮೇಲಿತ್ತು. ಮಗುವನ್ನು ಕ್ರಿಬ್ಬಿಗೆ ಹಾಕಿ ‘ಅವ್ವಾ!’ ಎಂದು ಕೂಗಿಕೊಂಡೆ.

ಅವ್ವ ಬಂದಳು. ಅಳು ಅವಳಿಗೂ ಕೇಳಿಸಿತು. ಕಿಟಕಿ ನೋಡಿದಳು, ಮಗುವನ್ನು ನೋಡಿದಳು, ನೇರ ಹಾಸಿಗೆಯಡಿಗೆ ಕೈ ಹಾಕಿದಳು.

‘ಕತ್ರಿ ಎಲ್ಲವ್ವ?’

ಹೇಳಿದೆ. ಹಣೆ ಚಚ್ಚಿಕೊಂಡಳು. ಪ್ರಸನ್ನನಿಗೆ ಫೋನು ಮಾಡಿದೆ. ಡೆಮೋ ಇದೆ, ಇನ್ವೆಸ್ಟರ್ಸ್ ಬಂದಿದಾರೆ ಎಂದ. ‘ನಿನ್ ಡೆಮೋ ಹಾಳಾಗ, ಅಡಕತ್ತರಿ ತಗೊಂಡು ಈಗಲೇ ಹೊರಡು’ ಎಂದು ಕಿರುಚಿದೆ. ನಾನು ಅವನ ಮೇಲೆ ಹಾಗೆ ಕಿರುಚಿದ್ದು ಅದೇ ಮೊದಲು.

ನನಗೆ ಬೇಲಿ ಹಾರಿ ಹಳ್ಳಕ್ಕೆ ಓಡಬೇಕು ಅನ್ನಿಸುತ್ತಿತ್ತು. ಮೆಟ್ಟಿಲಿಳಿದು ಗ್ವೆನ್ ಬಾಗಿಲು ಬಡಿದೆ. ಅವರು ಹೊರಗೆ ಬಂದು ಕಿವಿಗೊಟ್ಟು ನಿಂತರು. ‘ಅದರ ಹಿಂದೆ ಹೋಗಬೇಡ ಮಗಳೇ, ಹೋದವರು ದಾರಿ ತಪ್ಪುತ್ತಾರೆ’ ಎಂದು ನನ್ನ ತೋಳು ಬಿಗಿಯಾಗಿ ಹಿಡಿದು ಮೇಲಕ್ಕೆ ಕರೆತಂದರು. ಕ್ರಿಬ್ಬಿನೊಳಗೆ ನೋಡಿ ಇನ್ನೊಂದು ಮಾತು ಹೇಳಿದರು. ತಮ್ಮ ಊರಿನಲ್ಲಿ ಹಿಂದೆ ಇಂಥ ಕೂಸುಗಳಿಗೆ, ಅವುಗಳ ಕಡೆಯವರು ಬಂದು ವಾಪಸು ಒಯ್ಯಲಿ ಎಂದು, ಬೆಂಕಿ ತೋರಿಸಿ ಹಿಂಸೆ ಕೊಡುತ್ತಿದ್ದರಂತೆ. ‘ನೀನು ಹಾಗೆ ಮಾಡಬೇಡ. ಅದಕ್ಕೂ ಹಸಿವಿರುತ್ತದೆ, ಹಾಲು ಕೊಡು.’

ಅವರು ಹೇಳಿದ್ದು ಅರ್ಥವಾಯಿತೇನೋ ಎಂಬಂತೆ ಅದು ನನ್ನ ಕಡೆ ಮುಖ ತಿರುಗಿಸಿ ಬಾಯಿ ತೆರೆಯಿತು. ಸದ್ದಿಲ್ಲ. ಬರೀ ಬಾಯಿ. ಹೊರಗೆ ನನ್ನ ಮಗಳು ಗಂಟಲು ಹರಿಯುವಂತೆ ಅಳುತ್ತಿದ್ದಳು. ನಾನು ಹಿಂದೆ ಸರಿದು ಗೋಡೆಗೆ ಒರಗಿ ನಿಂತೆ. ಅವ್ವನೂ ಮುಟ್ಟಲಿಲ್ಲ, ನೆಲದ ಮೇಲೆ ಕೂತು ಮನೆದೇವರ ಹೆಸರು ಹೇಳುತ್ತಿದ್ದಳು. ಅದು ಎಷ್ಟೋ ಹೊತ್ತು ಹಾಗೇ ಬಾಯಿ ತೆರೆದುಕೊಂಡಿತ್ತು. ಆಮೇಲೆ ತಾನೇ ಮುಚ್ಚಿಕೊಂಡಿತು.

ದಾರಿಯಲ್ಲಿ ಟ್ರಾಫಿಕ್ಕಂತೆ. ಪ್ರಸನ್ನ ಬಂದಾಗ ಗುಡ್ಡಗಳ ಮೇಲಿನ ಬಿಸಿಲು ಕೆಂಪಾಗಿತ್ತು. ‘ಮಗು ಹಂಗೆ ಅಳ್ತಿದೆ, ಪಾರ್ಕಿಂಗ್‌ವರೆಗೂ ಕೇಳ್ಸುತ್ತೆ, ಎತ್ಕೊಳ್ಳೋದಲ್ವಾ!’ ಎಂದು ಬೈಯುತ್ತಲೇ ಒಳಗೆ ಬಂದ. ಕ್ರಿಬ್ಬು ನೋಡಿದವನೇ ಬ್ಯಾಗಿನಿಂದ ಅಡಕತ್ತರಿ ತೆಗೆದ. ಅವ್ವ ಅವನ ಕೈಯಿಂದ ಅದನ್ನು ಕಿತ್ತುಕೊಂಡು ಹಾಸಿಗೆಯಡಿಗೆ ಸೇರಿಸಿದಳು.

ಹೊರಗಿನ ಅಳು ನಿಂತಿತು. ಕ್ರಿಬ್ಬಿನಲ್ಲಿ ಅಳು ಶುರುವಾಯಿತು. ಅದೇ ಬಿಕ್ಕಳಿಕೆ. ಎತ್ತಿಕೊಂಡೆ, ಬೊಟ್ಟು ಎಡಗೆನ್ನೆಯಲ್ಲಿತ್ತು, ಗಂಟಲು ಅತ್ತೂ ಅತ್ತೂ ಕಟ್ಟಿತ್ತು. ಎದೆಗೆ ಹಚ್ಚಿದ ಕೂಡಲೇ ಗಟಗಟ ಕುಡಿದಳು. ನಾನೂ ಅಳುತ್ತಾ ಕೂತೆ.

ವಿವರಣೆಗಳಿಗೇನೂ ಬರವಿಲ್ಲ. ಹೊಸ ಬಾಣಂತಿಯ ಮನಸ್ಸು ನೆಟ್ಟಗಿರುವುದಿಲ್ಲ ಎಂದರು ಡಾಕ್ಟರು. ಎದುರಿನ ಗೋಡೆಗೆ ಬಡಿದು ಬಂದ ಪ್ರತಿಧ್ವನಿ ಎಂದು ಪ್ರಸನ್ನ ಕೆಲವು ದಿನ ವಾದ ಮಾಡಿದ. ಹಾಗಾದರೆ ಮುಚ್ಚಿದ ಬಾಯಿಯಿಂದ ಯಾವ ಧ್ವನಿ ಹೊರಟಿತು ಎಂದು ಕೇಳಿದ ಮೇಲೆ ಆ ಮಾತೇ ಬಿಟ್ಟ. ಮುಂದಿನ ವರ್ಷ ಅವನ ಕಂಪನಿ ಮುಚ್ಚಿತು. ಗ್ವೆನ್ ಈಗ ಇಲ್ಲ. ಅವ್ವ ಊರಿಗೆ ಹೋಗುವಾಗ ಅಡಕತ್ತರಿ ಇಲ್ಲೇ ಬಿಟ್ಟುಹೋದಳು. ಮಗಳು ಈಗ ನನಗಿಂತ ಎತ್ತರ. ಈ ಕಥೆ ಹೇಳಿದರೆ ಇಂಗ್ಲಿಷಿನಲ್ಲಿ ನಗುತ್ತಾಳೆ, ನಕ್ಕಾಗ ತುದಿಯಲ್ಲಿ ಬಿಕ್ಕಳಿಕೆ ಸಿಕ್ಕಿಕೊಳ್ಳುತ್ತದೆ. ಅವಳು ನನ್ನವಳೇ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ನನ್ನ ನಿದ್ದೆ ಕೆಡಿಸುವುದು ಇನ್ನೊಂದು. ಅದು ಏನೇ ಆಗಿರಲಿ, ನೋಡಲಿಕ್ಕೆ ಹಸುಗೂಸು. ಯಾರೋ ಅದನ್ನೂ ಅದರ ತಾಯಿಯ ಮಗ್ಗುಲಿನಿಂದ ಎತ್ತಿ ತಂದು ನನ್ನ ಮುಂದೆ ಮಲಗಿಸಿದ್ದರು. ಹಳ್ಳದ ದಂಡೆಗೆ ಅದು ವಾಪಸು ಹೋದಾಗ ಅಲ್ಲಿ ಯಾರಾದರೂ ಕಾದಿದ್ದರೇ? ನೈಟಿ ಒದ್ದೆಯಾಗುವಷ್ಟು ಹಾಲು ನನ್ನಲ್ಲಿತ್ತು. ಅದು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು.